ಬಾನೆಟ್ ಎತ್ತಿ ಮಾತಾಡೋಣ: ಬಿಸಿರಕ್ತದ ಸಣ್ಣ ಕಾರಿಗೆ ವಯಸ್ಸಾದಾಗ

ಕಳೆದ ಸಂಚಿಕೆಯಲ್ಲಿ ಬ್ಯಾಟರಿ ಬಗ್ಗೆ ಬರೆಯುವಾಗ ನನ್ನ ಕೆಂಪು ಫಿಯಟ್ ಪಾಲಿಯೊ ಕಾರಿನ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದುಹೋಗಿತ್ತು. ಅಷ್ಟಕ್ಕೇ ಇಷ್ಟು ಕಾಗದಗಳು ಬರುತ್ತವೆ ಎಂದುಕೊಂಡಿರಲಿಲ್ಲ. ‘ನಿಮ್ಮ ಹತ್ತಿರ ಇನ್ನೂ ಇದೆಯಾ?’ ‘1.6 ಹೌದಾ?’ ‘ಬಿಡಿಭಾಗ ಎಲ್ಲಿ ತರುತ್ತೀರಿ?’ ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು, ಸಣ್ಣ ಮೈಯಲ್ಲಿ ದೊಡ್ಡ ಎಂಜಿನ್ ಇರುವ ಕಾರುಗಳಿಗೇ, ಅಂದರೆ ‘ಹಾಟ್ ಹ್ಯಾಚ್’ ಎಂದು ಕರೆಯುವ ಜಾತಿಗೇ ಅಂಕಣವನ್ನು ಬಿಟ್ಟುಕೊಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ: ಹಾಸನದ ಬಿ.ಎಂ. ರಸ್ತೆಯ ಹತ್ತಿರ ಅಪ್ಪ ಕಟ್ಟಿದ ಗ್ಯಾರೇಜನ್ನು ಈಗ ನಾನು ನಡೆಸುತ್ತಿದ್ದೇನೆ. ನನ್ನದು 2002ರ ಫಿಯಟ್ ಪಾಲಿಯೊ 1.6, ಅಂದರೆ 1.6 ಲೀಟರ್ ಎಂಜಿನ್ನಿನದು. ಸಕಲೇಶಪುರದ ಒಬ್ಬ ಕಾಫಿ ಪ್ಲಾಂಟರ್ ಕೈಯಿಂದ 2005ರಲ್ಲಿ ಕೊಂಡಾಗ 41,000 ಕಿ.ಮೀ. ಓಡಿತ್ತು, ಈಗ 1,62,000. ಕೊಂಡ ದಿನದಿಂದ ಆ ಕಾರಿಗೆ ಮಾಡಿದ ಪ್ರತಿ ಖರ್ಚನ್ನೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇವತ್ತಿನ ಉತ್ತರಗಳಲ್ಲಿ ಅರ್ಧಪಾಲು ಆ ಪುಸ್ತಕದಿಂದಲೇ ಬಂದವು.

ದಾವಣಗೆರೆಯಿಂದ ಒಬ್ಬರು: *ಮೇಡಂ, ನಮ್ಮ ಸೋದರಮಾವನ ಹತ್ತಿರ 2003ರ ಪಾಲಿಯೊ 1.6 ಇದೆ. ಬರೀ 68,000 ಕಿ.ಮೀ. ಓಡಿದೆ. ನಾಲ್ಕು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ‘ನೀನೇ ತಗೊಂಡು ಹೋಗು, ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುತ್ತೆ’ ಅಂತಾರೆ. ಚಿಕ್ಕಂದಿನಲ್ಲಿ ಅದರ ಮುಂದಿನ ಸೀಟಿಗಾಗಿ ಜಗಳ ಆಡಿದವನು ನಾನು. ತಗೊಳ್ಳಲಾ?*

ತಗೊಳ್ಳಿ. ಆದರೆ ಬ್ಯಾಟರಿ ಹಾಕಬೇಡಿ. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯ.

ಈ ಕಾರು ಯಾಕೆ ಇಷ್ಟು ಜನರ ನೆನಪಿನಲ್ಲಿ ಉಳಿದಿದೆ ಎಂಬುದು ನಿಮಗೆ ಗೊತ್ತಿದ್ದರೂ ಉಳಿದವರಿಗಾಗಿ ಹೇಳುತ್ತೇನೆ. 2001ರಲ್ಲಿ ಪಾಲಿಯೊ ನಮ್ಮ ದೇಶಕ್ಕೆ ಬಂದಾಗ ಜಾಹೀರಾತಿನಲ್ಲಿ ಇದ್ದವರು ಸಚಿನ್ ತೆಂಡೂಲ್ಕರ್. ಮೈಕಟ್ಟು ತಿದ್ದಿದವರು ಇಟಲಿಯ ಜ್ಯೋರ್ಜೆತ್ತೊ ಜುಜಾರೊ. ಆಗಿನ ಸಣ್ಣ ಕಾರುಗಳು 50, 60 ಅಶ್ವಶಕ್ತಿಯಲ್ಲಿ ಸಂಸಾರ ಮಾಡುತ್ತಿದ್ದ ಕಾಲ. ಅಂಥಾದ್ದರಲ್ಲಿ 1,596 ಸಿ.ಸಿ., 16 ವಾಲ್ವು, 100 ಅಶ್ವಶಕ್ತಿಯ ಎಂಜಿನ್ನನ್ನು ತಂದು ಒಂದು ಹ್ಯಾಚ್‌ಬ್ಯಾಕಿನಲ್ಲಿ ಕೂರಿಸಿದ್ದರು. ಬಾಗಿಲು ಹಾಕಿದರೆ ಬೀರುವಿನ ಬಾಗಿಲು ಹಾಕಿದ ಹಾಗೆ ‘ಧಪ್’ ಎನ್ನುವ ಸದ್ದು. ಸ್ಟಿಯರಿಂಗ್ ಕೈಗೆ ರಸ್ತೆಯ ಸುದ್ದಿ ಹೇಳುತ್ತದೆ. ಈಗಿನ ಎಲೆಕ್ಟ್ರಿಕ್ ಸ್ಟಿಯರಿಂಗಿನಲ್ಲಿ ನನಗೆ ಆ ಸುದ್ದಿ ಸಿಕ್ಕಿದ್ದು ಬಹಳ ಅಪರೂಪ.

ಈಗ ನಿಮ್ಮ ಮಾವನ ಶೆಡ್ಡಿಗೆ ಬರೋಣ. ‘ಬರೀ 68,000’ ಎನ್ನುವುದನ್ನು ನೀವು ಖುಷಿಯಿಂದ ಬರೆದಿದ್ದೀರಿ. ನಾನು ಓದಿದ್ದು 2003 ಎಂಬ ಇಸವಿಯನ್ನು. ಹಳೇ ಕಾರಿನಲ್ಲಿ ಕಬ್ಬಿಣ ಕಿಲೋಮೀಟರಿನ ಲೆಕ್ಕದಲ್ಲಿ ಸವೆಯುತ್ತದೆ, ರಬ್ಬರು ತಾರೀಖಿನ ಲೆಕ್ಕದಲ್ಲಿ ಸವೆಯುತ್ತದೆ. ಓಡಿದರೂ ಸವೆಯುತ್ತದೆ, ನಿಂತರೂ ಸವೆಯುತ್ತದೆ. ಈ ಪಾಠಕ್ಕೆ ನಾನು ಕೊಟ್ಟ ಫೀಜು ದೊಡ್ಡದು.

2013ರ ಆಗಸ್ಟ್. ಮಂಗಳೂರಿನಿಂದ ವಾಪಸ್ ಬರುತ್ತಿದ್ದೆ, ಪಕ್ಕದಲ್ಲಿ ಅಪ್ಪ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಾಗ, ಮೂರನೇ ಗೇರಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ. ಮತ್ತೆ ಕೀ ತಿರುಗಿಸಿದಾಗ ಸ್ಟಾರ್ಟರ್ ಎಂದಿಗಿಂತ ಸಲೀಸಾಗಿ, ಯಾವ ಹಿಡಿತವೂ ಇಲ್ಲದೆ ತಿರುಗಿತು. ಅಪ್ಪ ಕಿಟಕಿಯಿಂದ ಹೊರಗೆ ಮಳೆ ನೋಡುತ್ತ, ‘ಕಂಪ್ರೆಷನ್ ಇಲ್ಲ ಮಗಳೇ. ಇನ್ನು ತಿರುಗಿಸಬೇಡ’ ಅಂದರು. ಪಿಸ್ಟನ್ನನ್ನೂ ವಾಲ್ವನ್ನೂ ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟಿನ ಹಲ್ಲು ಕಿತ್ತುಹೋಗಿತ್ತು. ಈ ಎಂಜಿನ್ನಿನಲ್ಲಿ ಬೆಲ್ಟ್ ಕೈಕೊಟ್ಟರೆ ಪಿಸ್ಟನ್ ಮೇಲೆ ಬಂದು ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ಹೆಡ್ ಇಳಿಸಿ ನೋಡಿದಾಗ 16ರಲ್ಲಿ 8 ವಾಲ್ವು ಬಾಗಿದ್ದವು.

ಆ ಬೆಲ್ಟ್ ಹಾಕಿದ್ದು 2007ರಲ್ಲಿ. ಅಲ್ಲಿಂದ ಓಡಿದ್ದು 39,000 ಕಿ.ಮೀ. ಮಾತ್ರ. ‘ಇನ್ನೂ ಟೈಮಿದೆ’ ಎಂದು ನಾನು ಕಿಲೋಮೀಟರ್ ನೋಡಿಕೊಂಡು ಕೂತಿದ್ದೆ, ಆದರೆ ವರ್ಷ ಆರು ಕಳೆದಿತ್ತು. ಜೊತೆಗೆ 2007ರಲ್ಲಿ ಬೆಲ್ಟ್ ಹೊಸದು ಹಾಕಿ, ಅದನ್ನು ಬಿಗಿಯಾಗಿಡುವ ಟೆನ್ಷನರ್ ‘ಚೆನ್ನಾಗೇ ಇದೆ’ ಎಂದು ಹಳೆಯದನ್ನೇ ಬಿಟ್ಟಿದ್ದೆ. ಆ ಟೆನ್ಷನರಿನ ಬೇರಿಂಗ್ ಹಿಡಿದುಕೊಂಡಿದ್ದರಿಂದಲೇ ಬೆಲ್ಟ್ ಹೋಗಿದ್ದು. ಕೆಲವು ನೂರು ರೂಪಾಯಿ ಉಳಿಸಿದ್ದಕ್ಕೆ ಆ ವರ್ಷ 71,000 ರೂಪಾಯಿ ಖರ್ಚು ಬರೆದಿದ್ದೇನೆ. ಪುಸ್ತಕದಲ್ಲಿ ಇಡೀ ಇಪ್ಪತ್ತು ವರ್ಷದ ಅತಿ ದೊಡ್ಡ ಅಂಕಿ ಅದೇ. ಅಲ್ಲಿಂದ ಮುಂದೆ ನನ್ನ ನಿಯಮ: ನಾಲ್ಕು ವರ್ಷ ಅಥವಾ 50,000 ಕಿ.ಮೀ., ಯಾವುದು ಮೊದಲೋ ಅದು. ಬೆಲ್ಟ್ ಮತ್ತು ಟೆನ್ಷನರ್ ಯಾವತ್ತೂ ಜೋಡಿಯಾಗಿ.

ಆದ್ದರಿಂದ ನಿಮ್ಮ ಕಾರನ್ನು ಸ್ಟಾರ್ಟ್ ಮಾಡದೆ, ಲಾರಿಯ ಮೇಲೆ ಹತ್ತಿಸಿಕೊಂಡು ಗ್ಯಾರೇಜಿಗೆ ತನ್ನಿ. ಮೊದಲು ಬಾನೆಟ್ ಎತ್ತಿ ಇಲಿ ಹೆಗ್ಗಣ ವೈರು ಕಡಿದಿವೆಯಾ ನೋಡಿ. ನಿಂತ ಕಾರಿನಲ್ಲಿ ಕಡಿಯದೆ ಇದ್ದರೆ ಅದೃಷ್ಟ. ಟ್ಯಾಂಕಿನ ಹಳೇ ಪೆಟ್ರೋಲನ್ನು ಪೂರ್ತಿ ತೆಗೆಸಿ, ನಾಲ್ಕು ವರ್ಷದ ಪೆಟ್ರೋಲಿಗೆ ವಾರ್ನಿಶ್ ವಾಸನೆ ಬಂದಿರುತ್ತದೆ. ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್ ಬದಲಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೆರಡು ಹನಿ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಎಲ್ಲೂ ಹಿಡಿಯದೆ ತಿರುಗಿದರೆ ಒಳ್ಳೇ ಸುದ್ದಿ. ಆಮೇಲೆ ಹೊಸ ಟೈಮಿಂಗ್ ಬೆಲ್ಟ್, ಟೆನ್ಷನರ್. ಇಷ್ಟಾದ ಮೇಲೆ ಬ್ಯಾಟರಿ.

ಸ್ಟಾರ್ಟ್ ಆದ ಕೂಡಲೇ ರಸ್ತೆಗೆ ಇಳಿಯಬೇಡಿ. ಹದಿನೈದು ನಿಮಿಷ ನಿಂತಲ್ಲೇ ಓಡಲಿ. ಕಾದ ಮೇಲೆ ರೇಡಿಯೇಟರ್ ಫ್ಯಾನು ತಾನಾಗಿ ತಿರುಗುತ್ತದಾ, ತಿರುಗಿ ನಿಲ್ಲುತ್ತದಾ ಎಂದು ಕೂತು ನೋಡಿ. ಹಳೇ ಕಾರುಗಳ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲುಭಾಗದ ಸೀಲು, ಸುಡುವುದು ಹೆಚ್ಚಾಗಿ ವೇಗದಿಂದ ಅಲ್ಲ, ತಿರುಗದ ಫ್ಯಾನು ಮತ್ತು ಕಾದಾಗ ಕೂಲೆಂಟಿಗೆ ದಾರಿ ತೆರೆಯದ ಥರ್ಮೋಸ್ಟಾಟಿನಿಂದ. ಬ್ರೇಕಿನ ರಬ್ಬರ್ ಹೋಸುಗಳು, ವೀಲ್ ಸಿಲಿಂಡರ್, ಲೋವರ್ ಆರ್ಮ್ ಬುಷ್, ಡ್ರೈವ್ ಶಾಫ್ಟಿನ ಬೂಟು, ಪವರ್ ಸ್ಟಿಯರಿಂಗ್ ಪೈಪು ಇವನ್ನೆಲ್ಲ ‘ನೋಡೋಣ’ ಎಂದು ಬಿಡಬೇಡಿ. ಬದಲಿಸಿಬಿಡಿ.

ಮಾವನನ್ನು ಕೇಳಲೇಬೇಕಾದ ಇನ್ನೊಂದು: ಎರಡನೇ ಕೀ ಎಲ್ಲಿ? ಈ ಕಾರಿನ ಕೀ ಒಳಗೆ ಚಿಪ್ ಇರುತ್ತದೆ. ಚಿಪ್ ಹೊಂದದಿದ್ದರೆ ಎಂಜಿನ್ ಓಡುವುದಿಲ್ಲ. ಕೋಡ್ ಬರೆದಿರುವ ಕಾರ್ಡ್ ಹಳೇ ಫೈಲಿನಲ್ಲಿ ಸಿಕ್ಕರೆ ಆರ್‌ಸಿ ಜೊತೆಯಲ್ಲೇ ಜೋಪಾನ ಮಾಡಿ.

ಬಿಡಿಭಾಗದ ಬಗ್ಗೆ: ‘ಪಾಲಿಯೊ 1.6’ ಎಂದೇ ಕೇಳುತ್ತ ಹೋದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಸಿಯೆನಾ, ಪೆಟ್ರಾ, ಪಾಲಿಯೊ ಅಡ್ವೆಂಚರ್ ಇವೂ ಅದೇ ಸಂಸಾರದವು, 1.6 ಎಂಜಿನ್ ಇವುಗಳಲ್ಲೂ ಬಂದಿತ್ತು. ಆ ಹೆಸರುಗಳಲ್ಲೂ ಕೇಳಿ. ಸಸ್ಪೆನ್ಷನ್ ಸಾಮಾನು 1.2ರದ್ದೂ ಎಷ್ಟೋ ಕಡೆ ಹೊಂದುತ್ತದೆ, ಆದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅಳೆದು ತನ್ನಿ. ನಾನು ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಸುತ್ತುತ್ತೇನೆ. ಬೇಕಿರಲಿ ಬಿಡಲಿ, ಸಿಕ್ಕಿದ ದಿನವೇ ತೆಗೆದಿಡುತ್ತೇನೆ. ನಮ್ಮನೆ ಅಟ್ಟದಲ್ಲಿ ಹಪ್ಪಳದ ಡಬ್ಬದ ಪಕ್ಕ ಒಂದು ಹೊಸ ಕ್ಲಚ್ ಸೆಟ್, ಎರಡು ಥರ್ಮೋಸ್ಟಾಟ್ ಇವೆ. ಟೈಮಿಂಗ್ ಬೆಲ್ಟನ್ನು ಮಾತ್ರ ಹಾಗೆ ಕೂಡಿಡಬೇಡಿ. ಅದು ಡಬ್ಬದಲ್ಲಿದ್ದರೂ ರಬ್ಬರೇ.

ಒಟ್ಟು ಎಷ್ಟಾಗಬಹುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟಯರೂ ಸೇರಿ ಒಂದು ಲಕ್ಷ ಪಕ್ಕಕ್ಕಿಟ್ಟುಕೊಂಡೇ ಲಾರಿ ಕರೆಸಿ. ಅಷ್ಟು ಈಗ ಇಲ್ಲ ಎಂದಾದರೆ ಕಾರು ಶೆಡ್ಡಿನಲ್ಲೇ ಇನ್ನೊಂದು ವರ್ಷ ಇರಲಿ, ಮಾವನಿಗೆ ಮಾತು ಕೊಟ್ಟಿಡಿ. ಅರ್ಧ ಕೆಲಸ ಮಾಡಿ ಓಡಿಸುವುದಕ್ಕಿಂತ ಅದು ಲೇಸು.

ಶಿವಮೊಗ್ಗದಿಂದ ಒಬ್ಬರು: *ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್. ನನ್ನ 2006ರ ಸ್ವಿಫ್ಟ್‌ನ ಪಿಕಪ್ ಮೊದಲಿನ ಹಾಗಿಲ್ಲ, ಮೈಲೇಜೂ ಬಿದ್ದಿದೆ. ಹಳೇ ಕಾರುಗಳ ಕಥೆ ಮುಗಿಯಿತಾ?*

ಮುಗಿದಿಲ್ಲ. ಆದರೆ ಸುಮ್ಮನೆ ಕೂರುವ ಹಾಗೂ ಇಲ್ಲ.

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. 20 ಶೇಕಡಾ ಬೆರೆಸಿದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದಾಗ ಒಟ್ಟು ಶಕ್ತಿ 6–7 ಶೇಕಡಾ ಇಳಿಯುತ್ತದೆ. ನನ್ನ ಪುಸ್ತಕದಲ್ಲಿ ಹಾಸನ–ಬೆಂಗಳೂರು ಹೆದ್ದಾರಿಯ ಲೆಕ್ಕ ಲೀಟರಿಗೆ 13 ಇದ್ದದ್ದು ಈಗ 12.2ರ ಆಸುಪಾಸಿನಲ್ಲಿದೆ. ನಿಮ್ಮದು ಅದಕ್ಕಿಂತ ಬಹಳ ಬಿದ್ದಿದ್ದರೆ ತಪ್ಪನ್ನು ಪೂರ್ತಿ ಎಥನಾಲಿನ ತಲೆಗೆ ಕಟ್ಟಬೇಡಿ; ಏರ್ ಫಿಲ್ಟರ್, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ಹಿಡಿದುಕೊಂಡ ಬ್ರೇಕ್ ಇವನ್ನು ನೋಡಿ. ಹೆಚ್ಚು ವಯಸ್ಸಾದ ಆಕ್ಸಿಜನ್ ಸೆನ್ಸರ್ ಸದ್ದಿಲ್ಲದೆ ಪೆಟ್ರೋಲ್ ಕುಡಿಸುತ್ತದೆ.

ನನಗೆ ಮೈಲೇಜಿಗಿಂತ ಹೆಚ್ಚು ಭಯ ಇರುವುದು ರಬ್ಬರಿನದ್ದೇ. ಹಳೇ ಕಾರುಗಳ ಪೆಟ್ರೋಲ್ ಹೋಸು, ಓ-ರಿಂಗು, ಸೀಲುಗಳನ್ನು ಇಷ್ಟು ಎಥನಾಲಿಗೆಂದು ಮಾಡಿದ್ದಲ್ಲ. ಕೆಲವು ಊದಿಕೊಳ್ಳುತ್ತವೆ, ಕೆಲವು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಇಂಜೆಕ್ಷನ್ ಕಾರಿನಲ್ಲಿ ಆ ಹೋಸಿನೊಳಗೆ ಒತ್ತಡ ಇರುತ್ತದೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮಿದರೆ ಏನಾಗುತ್ತದೆ ಎಂದು ಬರೆಯಬೇಕಿಲ್ಲ. ಟ್ಯಾಂಕಿನಿಂದ ಎಂಜಿನ್ ತನಕ ಇರುವ ಎಲ್ಲ ರಬ್ಬರ್ ಹೋಸನ್ನೂ ಎಥನಾಲ್ ತಡೆಯುವ, ಇಂಜೆಕ್ಷನ್ ಒತ್ತಡಕ್ಕೆ ಹೊಂದುವ ಹೋಸಿಗೆ ಬದಲಿಸಿ. ಅದರ ಮೇಲೆ ‘ಜೆ30 ಆರ್9’ ಎಂದು ಅಚ್ಚಾಗಿರುತ್ತದೆ. ಮೀಟರ್ ಲೆಕ್ಕದಲ್ಲಿ ಸಿಗುವ ಸಾದಾ ಪೈಪನ್ನು ‘ನಡೀತದೆ’ ಎಂದು ಹಾಕಿಕೊಟ್ಟರೆ ಬೇಡ ಎನ್ನಿ. ಕ್ಲಿಪ್ಪುಗಳೂ ಹೊಸತಾಗಲಿ. ನಾನು ಈ ಕೆಲಸ ಮಾಡಿಸಿದ್ದು 2023ರಲ್ಲಿ. ಬಿಚ್ಚಿದ ಹಳೇ ಹೋಸನ್ನು ಬಗ್ಗಿಸಿದಾಗ ಒಣಗಿದ ಹುಣಸೇ ಬರಲಿನ ಹಾಗೆ ಲಟಕ್ ಎಂದಿತು.

ಇನ್ನೊಂದು: ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಬೇರೆಯಾಗುತ್ತದೆ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಅದಕ್ಕಿಂತ ಒಳ್ಳೆಯದು, ವಾರಕ್ಕೊಂದು ದಿನ ಇಪ್ಪತ್ತು ಕಿಲೋಮೀಟರ್ ಓಡಿಸಿ.

ಬೆಂಗಳೂರಿನ ಒಬ್ಬ ಗೃಹಿಣಿ: *ನಮ್ಮೆಜಮಾನರ ಹತ್ತಿರ 2014ರ ಟರ್ಬೊ ಹ್ಯಾಚ್‌ಬ್ಯಾಕ್ ಇದೆ, ಏಳು ಗೇರಿನ ಆಟೊಮ್ಯಾಟಿಕ್. ಗೇರ್‌ಬಾಕ್ಸಿನ ಕ್ಲಚ್ ಕೆಲಸಕ್ಕೆ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೋದ ವರ್ಷ ಎಸಿ, ಅದರ ಹಿಂದಿನ ವರ್ಷ ಸಸ್ಪೆನ್ಷನ್. ಇವರು ಮಾರಲ್ಲ ಅಂತಾರೆ. ಮನೆಯಲ್ಲಿ ಪ್ರತಿ ತಿಂಗಳೂ ಇದೇ ಮಾತು. ನೀವು ಯಾರ ಪಕ್ಷ?*

ತಾಯಿ, ನಾನು ಲೆಕ್ಕದ ಪಕ್ಷ.

ನನ್ನ ಪುಸ್ತಕ ತೆರೆದು ನಿಮ್ಮ ಮುಂದಿಡುತ್ತೇನೆ. ಇಪ್ಪತ್ತು ವರ್ಷಕ್ಕೆ ರಿಪೇರಿ, ಬಿಡಿಭಾಗ, ಟಯರು, ಬ್ಯಾಟರಿ, ಒಂದು ಸಲ ಪೂರ್ತಿ ಪೇಂಟು ಎಲ್ಲ ಸೇರಿ 6,84,000 ರೂಪಾಯಿ. ಪೆಟ್ರೋಲ್, ಇನ್ಶೂರೆನ್ಸ್ ಬಿಟ್ಟು. ವರ್ಷಕ್ಕೆ 34,200. ತಿಂಗಳಿಗೆ 2,850. ಹೊಸ ಕಾರಿನ ಕಂತು ಇದಕ್ಕಿಂತ ಎಷ್ಟು ಪಟ್ಟು ಎಂದು ನೀವೇ ಹಾಕಿಕೊಳ್ಳಿ. ಆದರೆ ಈ ಸರಾಸರಿ ಒಂದು ವಿಷಯವನ್ನು ಮುಚ್ಚಿಡುತ್ತದೆ, ಅದನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಹಣ ತಿಂಗಳು ತಿಂಗಳು 2,850ರಂತೆ ಹೋಗುವುದಿಲ್ಲ. ಎರಡು ವರ್ಷ ಏನೂ ಇಲ್ಲ, ಮೂರನೇ ವರ್ಷ ಒಮ್ಮೆಲೇ 70,000. ಮನೆಯ ಜಗಳ ಹುಟ್ಟುವುದು ಅಲ್ಲೇ. ಗ್ಯಾರೇಜು ನನ್ನದೇ ಆಗಿದ್ದರಿಂದ ಕೂಲಿಯ ಹಣ ನನಗೆ ಉಳಿದಿದೆ ಎನ್ನುವುದೂ ನಿಜ. ನಿಮಗಾದರೆ ನನ್ನ ಖರ್ಚಿನ ಒಂದೂವರೆ ಪಟ್ಟು ಹಿಡಿಯಿರಿ.

ಆದ್ದರಿಂದ ಹಳೇ ಕಾರಿಗೂ ಒಂದು ಕಂತು ಕಟ್ಟಿ. ಬ್ಯಾಂಕಿನಲ್ಲಿ ಬೇರೆಯೇ ಆರ್‌ಡಿ ಮಾಡಿ, ತಿಂಗಳಿಗೆ 5,000. ಕಾರಿನ ಖರ್ಚು ಅದರಿಂದಲೇ ಹೋಗಲಿ, ಮನೆಯ ದುಡ್ಡನ್ನು ಮುಟ್ಟುವ ಹಾಗಿಲ್ಲ. ಈ ಮಾತಿಗೆ ನಿಮ್ಮ ಯಜಮಾನರು ಒಪ್ಪಿದರೆ ಕಾರು ಇರಲಿ. ಒಪ್ಪದಿದ್ದರೆ ನಾನು ನಿಮ್ಮ ಕಡೆ.

ಇನ್ನು ಗೇರ್‌ಬಾಕ್ಸು. ಆ ಏಳು ಗೇರಿನ ಪೆಟ್ಟಿಗೆಯೊಳಗೆ ಎರಡು ಒಣ ಕ್ಲಚ್ ಇರುತ್ತವೆ, ಅಂದರೆ ಆಯಿಲಿನಲ್ಲಿ ಮುಳುಗಿರದ ಕ್ಲಚ್. ಒಂದು 1, 3, 5, 7 ನೋಡಿಕೊಳ್ಳುತ್ತದೆ, ಇನ್ನೊಂದು 2, 4, 6 ಮತ್ತು ರಿವರ್ಸ್. ಹೆದ್ದಾರಿಯಲ್ಲಿ ಅದರಷ್ಟು ಚುರುಕು ಬೇರೆ ಇಲ್ಲ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಆಮೆಯಂತೆ ತೆವಳುವಾಗ ಆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತ ಕಾಯುತ್ತಲೇ ಇರುತ್ತದೆ. ಯಜಮಾನರಿಗೆ ಹೇಳಿ: ಮುಂದಿನ ಕಾರಿನ ಬಾಲ ಹಿಡಿದು ಇಂಚಿಂಚು ತೆವಳಬೇಡಿ. ಒಂದೆರಡು ಕಾರಿನಷ್ಟು ಜಾಗ ಆಗುವ ತನಕ ಬ್ರೇಕ್ ಒತ್ತಿ ಪೂರ್ತಿ ನಿಂತಿರಿ, ಆಮೇಲೆ ಒಮ್ಮೆಲೇ ಹೊರಡಿ. ಫ್ಲೈಓವರ್ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಲಿ. ಕೆಲಸ ಮಾಡಿಸುವ ಮೊದಲು ಇನ್ನೊಂದು ಕಡೆ ಕಂಪ್ಯೂಟರ್ ಹಾಕಿಸಿ, ಕ್ಲಚ್ ಎಷ್ಟು ಸವೆದಿದೆ ಎಂಬುದನ್ನು ಅಂಕಿಯಲ್ಲಿ ಬರೆಸಿಕೊಳ್ಳಿ. ‘ಹೋಗಿದೆ’ ಎಂಬ ಒಂದೇ ಮಾತಿಗೆ ದುಡ್ಡು ಕೊಡಬೇಡಿ.

ಶಿರಸಿಯಿಂದ ಒಬ್ಬರು: *ಎರಡು ಇಂಚು ದೊಡ್ಡ ಅಲಾಯ್ ಚಕ್ರ ಹಾಕಿಸಲೇ? ಹಳೇ ಟಯರಿನ ರಸ್ತೆ ಹಿಡಿಯುವ ಗುಂಡಿಗಳು ಇನ್ನೂ ಆಳವಾಗೇ ಇವೆ.*

ಬೇಡ. ನಿಮ್ಮ ಕಡೆಯ ರಸ್ತೆಗೆ ದಪ್ಪ ಟಯರೇ ದೇವರು. ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟಯರನ್ನು ನಾನು ವೇಗದ ಕಾರಿನಲ್ಲಿ ಇಡುವುದಿಲ್ಲ, ಗುಂಡಿ ಎಷ್ಟೇ ಆಳವಿರಲಿ. ಅಲಾಯಿಗೆ ಇಟ್ಟ ಹಣದಲ್ಲಿ ಕಂಪನಿ ಕೊಟ್ಟ ಅಳತೆಯ ನಾಲ್ಕು ಒಳ್ಳೇ ಟಯರು ಹಾಕಿಸಿ.

ಕಲಬುರಗಿಯಿಂದ ಒಬ್ಬರು: *15 ವರ್ಷ ಆದ ಕಾರನ್ನು ಗುಜರಿಗೇ ಹಾಕಬೇಕಂತೆ, ಹೌದೇನ್ರಿ?*

ದೆಹಲಿಯಲ್ಲಿ ಹಳೇ ಕಾರುಗಳಿಗೆ ಬಂದ ನಿರ್ಬಂಧದ ಸುದ್ದಿ ಕೇಳಿ ಎಲ್ಲರೂ ಹೀಗೆ ಗಾಬರಿಯಾಗುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಓದಲ್ಲಿ ಕಾರು ತೋರಿಸಿ, ಫಾರಂ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ಇನ್ಶೂರೆನ್ಸ್, ಎಮಿಷನ್ ಚೀಟಿ ಚಾಲ್ತಿಯಲ್ಲಿರಲಿ. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ ಬೆಳೆಯುತ್ತದೆ, ಅದಕ್ಕಾಗಿ ಆರ್‌ಸಿಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿ.

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಿಂದ, ಮೂಲತಃ ಅರಸೀಕೆರೆಯವರು: *ಅಕ್ಕಾ, ಇಲ್ಲಿ ನನಗೆ 2007ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸಿಕ್ಕಿದೆ. 1,18,000 ಮೈಲಿ ಓಡಿದೆ. ಊರಲ್ಲಿದ್ದಾಗ ಪೋಸ್ಟರ್ ಅಂಟಿಸಿಕೊಂಡಿದ್ದ ಕಾರು. ಇಲ್ಲಿ ಮೆಕ್ಯಾನಿಕ್ ಕೂಲಿ ಕೇಳಿದರೆ ಎದೆ ಒಡೆಯುತ್ತೆ. ಏನೇನು ನೋಡಬೇಕು?*

ಅರಸೀಕೆರೆಯ ಹುಡುಗ ಜಿಟಿಐ ಓಡಿಸುತ್ತಾನೆ ಎಂದು ಓದಿ ಬಹಳ ಸಂತೋಷವಾಯಿತು. ನಿಮ್ಮದು ಐದನೇ ತಲೆಮಾರಿನ ಗಾಲ್ಫ್: 2 ಲೀಟರ್ ಟರ್ಬೊ, 200 ಅಶ್ವಶಕ್ತಿ. ಇದೇ ಬಳಗದ ಎಂಜಿನ್ ಇದ್ದ ಆಡಿ ಕಾರೊಂದು ನಮ್ಮ ಗ್ಯಾರೇಜಿಗೆ ಬಂದು ಮೂರು ವಾರ ಇತ್ತು, ಆಗ ಅದರ ಒಳಗನ್ನು ಚೆನ್ನಾಗಿ ನೋಡಿದ್ದೇನೆ.

ಮೊಟ್ಟಮೊದಲು ಕ್ಯಾಮ್ ಫಾಲೋವರ್. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೂ ಅಧಿಕ ಒತ್ತಡದ ಪೆಟ್ರೋಲ್ ಪಂಪಿಗೂ ನಡುವೆ ಕುಂಕುಮದ ಭರಣಿಯಷ್ಟು ಚಿಕ್ಕ ಉಕ್ಕಿನ ಬಟ್ಟಲು. ಅದರ ಮೇಲೆ ಕಪ್ಪು ಲೇಪ ಇರುತ್ತದೆ. ಲೇಪ ಸವೆದು ಉಕ್ಕು ಹೊಳೆಯತೊಡಗಿದರೆ ಬದಲಿಸುವ ಹೊತ್ತು. ಬಿಟ್ಟರೆ ತೂತು ಬೀಳುತ್ತದೆ, ಆಮೇಲೆ ಪಂಪು, ಕ್ಯಾಮ್ ಶಾಫ್ಟ್ ಎರಡನ್ನೂ ತಿಂದುಹಾಕುತ್ತದೆ. ಪಂಪಿನ ಮೂರು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. 10,000 ಮೈಲಿಗೊಮ್ಮೆ ತೆಗೆದು ನೋಡಿ. ಕಾರು ಕೊಂಡ ವಾರವೇ ಮೊದಲ ಸಲ ನೋಡಿ.

ಎರಡನೆಯದು ನಾನು ದಾವಣಗೆರೆಯವರಿಗೆ ಹೇಳಿದ್ದೇ: ಟೈಮಿಂಗ್ ಬೆಲ್ಟ್. ಬಿಲ್ಲು ಕೇಳಿ. ‘ಮಾಡಿಸಿದ್ದೇವೆ’ ಎನ್ನುವ ಬಾಯಿಮಾತು ಬೇಡ, ತಾರೀಖು ಇರುವ ಬಿಲ್ಲು ಬೇಕು. ಇಲ್ಲದಿದ್ದರೆ ಮಾಡಿಸಿಲ್ಲ ಎಂದೇ ತಿಳಿದು ಬೆಲೆ ಮಾತಾಡಿ. ಆಟೊಮ್ಯಾಟಿಕ್ ಆಗಿದ್ದರೆ ನಿಮ್ಮದು ಆರು ಗೇರಿನ, ಕ್ಲಚ್ ಆಯಿಲಿನಲ್ಲಿ ಮುಳುಗಿರುವ ಪೆಟ್ಟಿಗೆ. 40,000 ಮೈಲಿಗೊಮ್ಮೆ ಅದರ ಆಯಿಲ್ ಮತ್ತು ಫಿಲ್ಟರ್ ತಪ್ಪಿಸಬಾರದು.

ಈ ಎಂಜಿನ್ನಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುತ್ತದೆ. ಗಾಳಿ ಒಳಬಿಡುವ ವಾಲ್ವಿನ ಬೆನ್ನನ್ನು ಪೆಟ್ರೋಲ್ ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಕಾರ್ಬನ್ ಮಸಿ ಗಟ್ಟಿಯಾಗಿ ಕೂರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ತಡವರಿಸಿದರೆ ಅದೇ ಇರಬಹುದು. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಅದನ್ನು ತೆಗೆಯುತ್ತಾರೆ. ಮೆದುವಾದ ಆ ಚಿಪ್ಪು ಲೋಹಕ್ಕೆ ಗೀರು ಮಾಡದೆ ಮಸಿಯನ್ನಷ್ಟೇ ಕೀಳುತ್ತದೆ.

ನಿಮ್ಮಲ್ಲಿ ಒಂದು ಸೌಕರ್ಯ ಇದೆ, ಅದಕ್ಕೆ ನನಗೆ ನಿಜವಾಗಿ ಆಸೆಯಾಗುತ್ತದೆ. ಮೂರು ವರ್ಷ ದಾಟಿದ ಕಾರುಗಳಿಗೆ ವರ್ಷವರ್ಷ ಎಂಓಟಿ ಎಂಬ ಸುರಕ್ಷತಾ ಪರೀಕ್ಷೆ, ಅದರ ಹಳೇ ಫಲಿತಾಂಶಗಳನ್ನು ಸರ್ಕಾರದ ಜಾಲತಾಣದಲ್ಲಿ ನಂಬರ್ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯಾವ ವರ್ಷ ಎಷ್ಟು ಮೈಲಿ ಇತ್ತು, ಯಾವ ಬುಷ್ ಸವೆದಿತ್ತು, ಎಲ್ಲಿ ತುಕ್ಕು ಕಂಡಿತ್ತು, ಎಲ್ಲ ಬರೆದಿರುತ್ತದೆ. ಒಂದೇ ದೋಷ ಮೂರು ವರ್ಷ ಸತತವಾಗಿ ಬಂದಿದ್ದರೆ ಆ ಮಾಲೀಕ ಕಾರನ್ನು ನೋಡಿಕೊಂಡವನಲ್ಲ. ನಿಮ್ಮಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಹಾಕುತ್ತಾರೆ, ಮುಂದಿನ ಮಡ್‌ಗಾರ್ಡಿನ ಒಳಮೈ ಮತ್ತು ಬಾಗಿಲಿನ ಕೆಳಗಿನ ಅಂಚನ್ನು ಟಾರ್ಚ್ ಹಾಕಿ ನೋಡಿ. ಲಂಡನ್ನಿನೊಳಗೆ ಹೋಗುವಾಗ ಹೆಚ್ಚು ಹೊಗೆಯ ಕಾರುಗಳಿಗೆ ಹಾಕುವ ದಿನಕ್ಕೆ 12.50 ಪೌಂಡ್ ಶುಲ್ಕ ಕಟ್ಟಬೇಕಾ ಎಂಬ ಚಿಂತೆ ಬೇಡ. ನಿಮ್ಮದರಂಥ, ಯೂರೊ 4 ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಆ ಶುಲ್ಕ ಇಲ್ಲ.

ಕೂಲಿಗೆ ಎದೆ ಒಡೆಯುತ್ತದೆ ಎಂದಿರಿ. ಆಯಿಲ್, ಫಿಲ್ಟರ್, ಪ್ಲಗ್, ಫಾಲೋವರ್ ಈ ನಾಲ್ಕನ್ನು ನೀವೇ ಕಲಿಯಿರಿ. ನಮ್ಮೂರ ಕೈಗೆ ಪಾನಾ ಹಿಡಿಯುವುದು ಹೊಸದಲ್ಲ.

ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿ: *ಮೇಡಂ, ನಿಮ್ಮ ಪಾಲಿಯೊದಲ್ಲಿ ಚಾರ್ಮಾಡಿ ಎಷ್ಟು ನಿಮಿಷದಲ್ಲಿ ಇಳಿದಿದ್ದೀರಿ? ನಾನು ಬಲ ಹೆಚ್ಚಿಸೋಕೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ರೀಮ್ಯಾಪ್ ಮಾಡಿಸಬೇಕು ಅಂತಿದ್ದೇನೆ.*

ಇಳಿಯುವ ಹೊತ್ತನ್ನು ನಾನು ಯಾವತ್ತೂ ಗಡಿಯಾರದಲ್ಲಿ ನೋಡಿಲ್ಲ ಮಗು. ನೋಡುವುದು ಬ್ರೇಕ್ ಆಯಿಲಿನ ತಾರೀಖು.

ಇದನ್ನು ನೀನು ಗಮನ ಇಟ್ಟು ಓದಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದದ್ದಕ್ಕೆ ಆ ದರ್ಜೆ ಕೇಳುವ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯಲ್ಲಿ ತಿರುವಿಗೊಮ್ಮೆ ಬ್ರೇಕ್ ಒತ್ತುತ್ತ ಹೋದರೆ ಆ ಕಾವು ದೂರದ ಮಾತಲ್ಲ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎಂಜಿನ್ ಎಷ್ಟೇ ಬಲಶಾಲಿಯಾಗಿದ್ದರೂ ಇದರಿಂದ ಕಾಪಾಡುವುದಿಲ್ಲ. ಬಲ ಹೆಚ್ಚಿದಷ್ಟೂ ಈ ಕಾವು ಹೆಚ್ಚುತ್ತದೆ ಅಷ್ಟೇ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸು. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ, ತಡೆಯುವ ಕೆಲಸವನ್ನು ಎಂಜಿನ್ನಿಗೆ ಕೊಡು. ರೀಮ್ಯಾಪಿಗೆ ಇಟ್ಟ ಹಣದಲ್ಲಿ ಮುಂದಿನ ಡಿಸ್ಕ್, ಪ್ಯಾಡ್, ನಾಲ್ಕು ಹೋಸು, ನಾಲ್ಕು ಶಾಕ್ ಅಬ್ಸಾರ್ಬರ್ ಹೊಸತು ಹಾಕಿಸು. ಆಮೇಲೂ ಬಲ ಸಾಲದು ಅನ್ನಿಸಿದರೆ ನನಗೆ ಕಾಗದ ಬರೆ, ಮಾತಾಡೋಣ.

ಆ ಘಾಟಿಯಲ್ಲಿ ನನಗೆ ಸಿಗುವ ಖುಷಿ ಯಾವುದು ಎಂದೂ ಹೇಳುತ್ತೇನೆ. ನಸುಕಿನಲ್ಲಿ, ಕೊಟ್ಟಿಗೆಹಾರದ ಮಂಜು ಇನ್ನೂ ಏಳದಿರುವಾಗ, ಎದುರಿಗೆ ವಾಹನ ಇಲ್ಲದ ಏರಿನಲ್ಲಿ ಎರಡನೇ ಗೇರು. ಮೂರೂವರೆ ಸಾವಿರ ಸುತ್ತು ದಾಟಿದ ಮೇಲೆ ಆ ಎಂಜಿನ್ನಿನ ಸ್ವರ ಬದಲಾಗುತ್ತದೆ. 50 ಕಿಲೋಮೀಟರ್ ವೇಗದಲ್ಲೇ ಅದು ಸಿಗುತ್ತದೆ. ಅಪ್ಪ ಇದ್ದಾಗ ಆ ಸ್ವರ ಬಂದ ಕೂಡಲೇ ರೇಡಿಯೊ ಆರಿಸುತ್ತಿದ್ದರು.

ನನ್ನ ಪುಸ್ತಕದ ಈ ವರ್ಷದ ಪುಟದಲ್ಲಿ ಬರುವ ಜುಲೈ 14ಕ್ಕೆ ‘ಬೆಲ್ಟ್ + ಟೆನ್ಷನರ್’ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಹಿಂದಿನ ಸಲ ಹಾಕಿದ್ದು ಇನ್ನೂ 21,000 ಕಿ.ಮೀ. ಮಾತ್ರ ಓಡಿದೆ. ಹೊಸ ಸೆಟ್ಟಿಗೆ ಜೆ.ಸಿ. ರಸ್ತೆಯಲ್ಲಿ ಹೇಳಿಟ್ಟು ಬಂದಿದ್ದೇನೆ. ಹತ್ತಿರದಲ್ಲಿರುವ ಓದುಗರು ಯಾರಾದರೂ ಆ ಕೆಲಸವನ್ನು ಕಣ್ಣಾರೆ ನೋಡಿ ಕಲಿಯಬೇಕೆಂದಿದ್ದರೆ ಆ ದಿನ ಬೆಳಗ್ಗೆ ಒಂಬತ್ತಕ್ಕೆ ಗ್ಯಾರೇಜಿಗೆ ಬನ್ನಿ. ಕೊಳೆಯಾದರೂ ಪರವಾಗಿಲ್ಲ ಎನ್ನುವಂಥ ಬಟ್ಟೆ ಹಾಕಿಕೊಂಡು ಬನ್ನಿ.